ಮನೆಗುಂಟು, ಲೆಕ್ಕಕ್ಕಿಲ್ಲ: ಫಾರಂ 515ಎ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಅಮೆರಿಕದ ಟೆಕ್ಸಸ್ ರಾಜ್ಯದ ಕಾರು ವಿಮೆಯಲ್ಲಿ 515ಎ ಎಂಬ ಫಾರಂ ಒಂದಿದೆ. ಮನೆಯಲ್ಲಿರುವ ಚಾಲಕನೊಬ್ಬನನ್ನು ಹೆಸರು ಹಿಡಿದು ಪಾಲಿಸಿಯಿಂದ ಹೊರಗಿಡುವುದು ಅದರ ಕಸುಬು. ಅಲ್ಲಿನ ವಿಮಾ ಕಂಪನಿಗಳು ಪ್ರೀಮಿಯಂ ನಿಗದಿ ಮಾಡುವಾಗ ಕಾರನ್ನಷ್ಟೇ ನೋಡುವುದಿಲ್ಲ. ಆ ಸೂರಿನಡಿ ಲೈಸೆನ್ಸ್ ಇರುವವರು ಯಾರ್ಯಾರು, ವಯಸ್ಸೆಷ್ಟು, ಹಿಂದೆ ಎಲ್ಲೆಲ್ಲಿ ಗುದ್ದಿದ್ದಾರೆ ಎಂದು ಕುಲಗೋತ್ರ ಕೇಳುತ್ತವೆ. ಹದಿನಾರು ತುಂಬಿ ಹೊಸದಾಗಿ ಲೈಸೆನ್ಸ್ ಪಡೆದ ಮಗನೋ, ಕುಡಿದು ಓಡಿಸಿ ಸಿಕ್ಕಿಬಿದ್ದ ಮೈದುನನೋ ಪಟ್ಟಿಯಲ್ಲಿದ್ದರೆ ಪ್ರೀಮಿಯಂ ಏರುತ್ತದೆ. ಕೆಲವೊಮ್ಮೆ ಪಾಲಿಸಿಯೇ ಸಿಗುವುದಿಲ್ಲ. ಆಗ ಏಜೆಂಟರ ಮೇಜಿನ ಮೇಲೆ ಈ ಹಾಳೆ ಪ್ರತ್ಯಕ್ಷವಾಗುತ್ತದೆ. ತಾನು ಏನು ಹೇಳಿದರೂ ಅದಕ್ಕೆ ಕಾರಿನ ಮಾಲೀಕರ ಒಪ್ಪಿಗೆ ಇದೆ ಎಂದು ಮೊದಲೇ ಬರೆದುಕೊಳ್ಳಬೇಕು ಎಂಬ ಷರತ್ತಿನ ಮೇಲೆ ಅದು ಸಂದರ್ಶನಕ್ಕೆ ಒಪ್ಪಿತು.

ಪ್ರಶ್ನೆ: ಮನೆಮಗನನ್ನೇ ಹೊರಗೆ ಹಾಕುವುದು ಕಷ್ಟವೆನಿಸುವುದಿಲ್ಲವೇ?

ಫಾರಂ: ಹಾಕಿದ್ದು ನಾನಲ್ಲ ಸ್ವಾಮಿ, ಅವರಪ್ಪ. ಸಹಿ ನೋಡಿ ಬೇಕಾದರೆ. ಹುಡುಗ ಅದೇ ಮನೆಯಲ್ಲಿ ಉಣ್ಣಲಿ, ಮಲಗಲಿ, ಯಾರು ಬೇಡ ಅಂದರು? ಅವನು ಸ್ಟಿಯರಿಂಗ್ ಹಿಡಿದಾಗ ಮಾತ್ರ ಪಾಲಿಸಿ ಕಾರಿನಿಂದ ಇಳಿದುಹೋಗುತ್ತದೆ.

ಪ್ರಶ್ನೆ: ಪೂರ್ತಿ ಇಳಿಯುತ್ತದೆಯೇ?

ಈ ಪ್ರಶ್ನೆಗೆ ಫಾರಂ ಮೈದುಂಬಿ ಉತ್ತರಿಸಿತು. ಹೆಸರಿಸಿದ ವ್ಯಕ್ತಿ ಓಡಿಸುತ್ತಿರುವಾಗ ಪಾಲಿಸಿಯ ಯಾವ ರಕ್ಷಣೆಯೂ ಅನ್ವಯಿಸುವುದಿಲ್ಲ. ಎದುರಿನವರಿಗೆ ಆದ ಗಾಯಕ್ಕೆ ಪರಿಹಾರವಿಲ್ಲ, ಸ್ವಂತ ಕಾರಿನ ರಿಪೇರಿಗೆ ದುಡ್ಡಿಲ್ಲ. ವಿಮೆಯಿಲ್ಲದ ಇನ್ನೊಬ್ಬ ಬಂದು ಗುದ್ದಿದರೆ ಸಿಗಬೇಕಾದ ರಕ್ಷಣೆ ಮತ್ತು ಆಸ್ಪತ್ರೆ ಖರ್ಚಿನ ರಕ್ಷಣೆ ಎರಡನ್ನೂ ಆ ಹೊತ್ತಿನ ಮಟ್ಟಿಗೆ ತಿರಸ್ಕರಿಸಿದ್ದೇನೆ ಎಂದು ಮಾಲೀಕರು ಇದೇ ಹಾಳೆಯಲ್ಲಿ ಬರೆದುಕೊಟ್ಟಿರುತ್ತಾರೆ. ನಿರ್ಬಂಧ ಮನೆಯ ಕಾರಿಗಷ್ಟೇ ಅಲ್ಲ, ಆ ವ್ಯಕ್ತಿ ಓಡಿಸುವ ಬೇರೆ ಯಾವ ವಾಹನಕ್ಕೂ ಇದೆ. ಕಾರು ಸಾಲದ್ದಾದರೆ ಅದು ಗುಜರಿ ಸೇರಿದ ಮೇಲೂ ಬ್ಯಾಂಕಿನ ಕಂತು ತಪ್ಪುವುದಿಲ್ಲ.

ಪ್ರಶ್ನೆ: ರಾತ್ರಿ ತಾಯಿಗೆ ಎದೆನೋವು ಬಂತು, ಮಗ ಆಸ್ಪತ್ರೆಗೆ ಓಡಿಸಿದ. ಆಗಲೂ ಇಲ್ಲವೇ?

ಫಾರಂ: ನನ್ನಲ್ಲಿ ಜಾಗ ಬಿಟ್ಟಿರುವುದು ಹೆಸರಿಗೆ ಮತ್ತು ಸಹಿಗೆ. ಎದೆನೋವಿಗೆ ಜಾಗ ಬಿಟ್ಟಿಲ್ಲ. 911 ಅಂತ ಒಂದು ನಂಬರಿದೆ, ಅದನ್ನು ಒತ್ತಲಿ.

ಟೆಕ್ಸಸ್‌ನಲ್ಲಿ ವಾಹನ ವಿಮೆ ಕಡ್ಡಾಯ. ಗಾಯಗೊಂಡ ಒಬ್ಬರಿಗೆ 30,000 ಡಾಲರ್, ಗಾಯಗಳಿಗೆಲ್ಲ ಸೇರಿ ಒಂದು ಅಪಘಾತಕ್ಕೆ 60,000, ಆಸ್ತಿ ಹಾನಿಗೆ 25,000 ಕನಿಷ್ಠ ಮಿತಿ. ಇಂಥ ಕಾನೂನಿನ ನಡುವೆ ಹೇಗೆ ಬದುಕಿದ್ದೀರಿ ಎಂದು ಕೇಳಿದಾಗ ಫಾರಂ ಕೋರ್ಟುಗಳ ಕಡೆ ಬೊಟ್ಟು ಮಾಡಿತು. ಒಬ್ಬನ ದೆಸೆಯಿಂದ ಇಡೀ ಮನೆಯವರು ವಿಮೆಯಿಲ್ಲದೆ ರಸ್ತೆಗಿಳಿಯುವುದಕ್ಕಿಂತ ಅವನೊಬ್ಬನನ್ನು ಬಿಟ್ಟು ಉಳಿದವರಿಗೆ ಕೈಗೆಟುಕುವ ದರದಲ್ಲಿ ವಿಮೆ ಸಿಗುವುದು ಮೇಲು ಎಂಬುದು ಅಲ್ಲಿನ ನ್ಯಾಯಾಲಯಗಳು ಎತ್ತಿಹಿಡಿದಿರುವ ವಾದ. ವಾದದಲ್ಲಿ ಹುರುಳಿದೆ. ಗುದ್ದಿಸಿಕೊಂಡವನಿಗೆ ಮಾತ್ರ ಆ ಹುರುಳು ದಕ್ಕುವುದಿಲ್ಲ. ತನ್ನದೇ ಪಾಲಿಸಿಯಲ್ಲಿ ವಿಮಾರಹಿತ ಚಾಲಕರ ವಿರುದ್ಧ ರಕ್ಷಣೆ ಕೊಂಡಿದ್ದರೆ ಸರಿ, ಇಲ್ಲವಾದರೆ ಗುದ್ದಿದವನ ಮೇಲೂ ಕೀ ಕೊಟ್ಟವರ ಮೇಲೂ ದಾವೆ ಹೂಡಿ ಕಾಯಬೇಕು. ಅಪ್ಪ ಉಳಿಸಿದ ಪ್ರೀಮಿಯಂನ ಒಂದು ಪಾಲು ಹೀಗೆ ಅಪರಿಚಿತನ ಜೇಬಿನಿಂದ ಹೋಗುತ್ತದೆ.

ಪ್ರಶ್ನೆ: ನಿಮ್ಮ ನೆಂಟರು ಬೇರೆ ರಾಜ್ಯಗಳಲ್ಲೂ ಇದ್ದಾರಂತೆ?

ಫಾರಂ: ಇದ್ದಾರೆ, ಎಲ್ಲ ಕಡೆ ಮರ್ಯಾದೆ ಇಲ್ಲ. ಕೆಲವು ರಾಜ್ಯಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮಿಷಿಗನ್‌ನಲ್ಲಿ ಇರಗೊಡುತ್ತಾರೆ, ಆದರೆ ಇವನು ಓಡಿಸಿದರೆ ಯಾರಿಗೂ ವಿಮೆಯಿಲ್ಲ, ಮಾಲೀಕರೇ ಪೂರ್ತಿ ಹೊಣೆ ಎಂಬ ಎಚ್ಚರಿಕೆಯನ್ನು ಅಚ್ಚು ಹಾಕಿಸಬೇಕು ಎಂದು ಕಾನೂನೇ ಹೇಳುತ್ತದೆ. ಅಷ್ಟು ಬಿಡಿಸಿ ಹೇಳಿದರೆ ನಮ್ಮ ವ್ಯಾಪಾರ ನಡೆಯುವುದು ಹೇಗೆ?

ಡಲ್ಲಾಸ್, ಆಸ್ಟಿನ್ ಕಡೆ ನೆಲೆಸಿದ ಕನ್ನಡಿಗರಿಗೆ ಈ ಫಾರಂ ಮೊದಲು ವಿಚಿತ್ರವಾಗಿ ಕಾಣುವುದು ಸಹಜ. ಭಾರತದಲ್ಲಿ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ನಿನ ಗಾತ್ರದ ಮೇಲೆ ನಿಗದಿಯಾಗುತ್ತದೆ: 1000 ಸಿಸಿವರೆಗೆ ಒಂದು ದರ, 1500 ಸಿಸಿವರೆಗೆ ಇನ್ನೊಂದು, ಅದಕ್ಕೂ ಮೇಲೆ ಮತ್ತೊಂದು. ಲೈಸೆನ್ಸ್ ಇದ್ದು ಮಾಲೀಕರ ಒಪ್ಪಿಗೆ ಇದ್ದರೆ ಅಳಿಯನೂ ಓಡಿಸಬಹುದು, ಡ್ರೈವರೂ ಓಡಿಸಬಹುದು. ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮಿಂದ ಯಾರಿಗೂ ಪ್ರಯೋಜನವೇ ಇಲ್ಲವೇ?

ಫಾರಂ: ಯಾಕಿಲ್ಲ? ಮಗನಿಗೆ ಬೇರೆ ಕಾರಿದೆ, ಅದಕ್ಕೆ ಬೇರೆ ಪಾಲಿಸಿಯಿದೆ, ಅಪ್ಪನ ಕಾರನ್ನು ಅವನು ಮುಟ್ಟುವುದೇ ಇಲ್ಲ. ಅಂಥ ಮನೆಯಲ್ಲಿ ನಾನು ಲಕ್ಷಣವಾಗಿ ಇರುತ್ತೇನೆ. ಕೀ ಬಾಗಿಲ ಹಿಂದಿನ ಮೊಳೆಗೇ ತೂಗುತ್ತಿದ್ದು, ಹಾಲು ಮುಗಿದಾಗಲೆಲ್ಲ 'ಬೇಗ ಹೋಗಿ ಬಾರೋ' ಅನ್ನುವ ಮನೆಯವರು ಮಾತ್ರ ನನ್ನನ್ನು ಕರೆಯಬಾರದು.

ಪಾಲಿಸಿ ನವೀಕರಣವಾದರೆ ಫಾರಂ ಸಾಮಾನ್ಯವಾಗಿ ಅದರ ಜೊತೆಯಲ್ಲೇ ಮುಂದುವರಿಯುತ್ತದೆ. ಹೊರಗಿಟ್ಟವರನ್ನು ಮತ್ತೆ ಸೇರಿಸಬೇಕಾದರೆ ಕಂಪನಿಯನ್ನು ಕೇಳಿ, ಅದು ಒಪ್ಪಿದ ಮೇಲೆ ಹೊಸ ಪ್ರೀಮಿಯಂ ಕಟ್ಟಬೇಕು. ಅದಾದ ನಂತರವೇ ಕೀ ಕೊಡಬೇಕು.