ಶ್ರೀಮಾನ್ ಪ್ರಾಪರ್ ಚಾನೆಲ್ ಸಾಹೇಬರಿಗೆ ಅಗ್ರಹಾರದಿಂದ ಒಂದು ಅರ್ಜಿ

ಇಂದ: ನಿವೃತ್ತ ಹವಾಲ್ದಾರ್ ಕ್ಲರ್ಕ್, ಅಗ್ರಹಾರ, ಮೈಸೂರು.

ಗೆ: ಶ್ರೀಮಾನ್ ಪ್ರಾಪರ್ ಚಾನೆಲ್ ಸಾಹೇಬರು, ಭಾರತೀಯ ಭೂಸೇನೆ, ಸಕಲ ಯೂನಿಟ್‌ಗಳು.

ವಿಷಯ: ತಮಗೇ ತಮ್ಮ ಮೇಲೆ ದೂರು.

ಉಲ್ಲೇಖ: ಹಿಂದಿನ ಅರ್ಜಿಗಳು. ಯಾವುದಕ್ಕೂ ಉತ್ತರ ಬಾರದ ಕಾರಣ ಸಂಖ್ಯೆ ನಮೂದಿಸಿಲ್ಲ.

ಮಾನ್ಯರೇ,

ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಇಲ್ಲ. ನಾನು ಭರ್ತಿಯಾದ ದಿನ ಎಷ್ಟು ಗಟ್ಟಿಮುಟ್ಟಾಗಿದ್ದಿರೋ, ಪೆನ್ಷನ್ ಕಾಗದ ಹಿಡಿದು ಹೊರಬಂದ ದಿನವೂ ಅಷ್ಟೇ ಗಟ್ಟಿಮುಟ್ಟಾಗಿದ್ದಿರಿ. ತಮ್ಮನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಪ್ರತಿ ಅರ್ಜಿಯ ನೆತ್ತಿಯ ಮೇಲೆ 'ಥ್ರೂ ಪ್ರಾಪರ್ ಚಾನೆಲ್' ಎಂದು ತಮ್ಮ ನಾಮಸ್ಮರಣೆ ಮಾಡಿದ ಬೆರಳುಗಳು ಇವು. ಸಿಪಾಯಿಯ ದೂರನ್ನು ಟೈಪ್ ಮಾಡಿದ ಮಿಷನ್ನಿನಲ್ಲೇ ಅದರ ತಿರಸ್ಕಾರವನ್ನೂ ಟೈಪ್ ಮಾಡಿದ್ದೇನೆ. ದೂರಿಗೆ ಎರಡು ಹಾಳೆ ಬೇಕಾಗುತ್ತಿತ್ತು, ತಿರಸ್ಕಾರಕ್ಕೆ ಎರಡು ಸಾಲು ಸಾಕಾಗುತ್ತಿತ್ತು. ಸರ್ಕಾರಿ ಕಾಗದ ಉಳಿಸುವ ವಿಷಯದಲ್ಲಿ ತಮಗೆ ಸಮಾನರಿಲ್ಲ.

ನಮ್ಮ ಅಗ್ರಹಾರದಲ್ಲಿ ನೂರೊಂದು ಗಣಪತಿ ದೇವಸ್ಥಾನವಿದೆ. ಒಂದು ಗಣಪತಿ ಕಿವಿಗೊಡದಿದ್ದರೆ ಪಕ್ಕದ ಗಣಪತಿಗೆ ಕೈಮುಗಿಯಬಹುದು. ಎರಡನೆಯವನ ಹತ್ತಿರ ಹೋಗಲು ಮೊದಲನೆಯವನ ಷರಾ, ಸಹಿ, ಮೊಹರು ಬೇಕಿಲ್ಲ. 'ನನ್ನನ್ನು ದಾಟಿ ಅವನ ಬಳಿ ಏಕೆ ಹೋದೆ' ಎಂದು ಯಾವ ಗಣಪನೂ ಭಕ್ತನನ್ನು ಕ್ವಾರ್ಟರ್ ಗಾರ್ಡಿನ ಸೆರೆಕೋಣೆಗೆ ತಳ್ಳಿದ ಉದಾಹರಣೆ ನನಗಂತೂ ಗೊತ್ತಿಲ್ಲ. ದೇವಲೋಕದ ಆಡಳಿತ ಇಷ್ಟು ಸಡಿಲವಾಗಿರುವುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಅರ್ಜಿಗೆ ಕಾರಣ, ನಮ್ಮ ವಠಾರದ ಒಬ್ಬ ಹುಡುಗ. ಯೂನಿಟ್ಟಿನ ಹೆಸರು ಬರೆಯುವುದಿಲ್ಲ, ಸಾಹೇಬರ ಹೆಸರಂತೂ ಇಲ್ಲವೇ ಇಲ್ಲ. ಸಾಹೇಬರ ಮನೆಗೆ ತರಕಾರಿ ತರುವುದು, ನಾಯಿಯನ್ನು ಸಂಜೆ ಸುತ್ತಾಡಿಸುವುದು ಅವನ ಪಾಲಿಗೆ ಬಂತು. ಒಂದು ದಿನ ಬಾಯಿಬಿಟ್ಟು 'ಇದು ನನ್ನ ಡ್ಯೂಟಿ ಅಲ್ಲ ಸಾಬ್' ಎಂದುಬಿಟ್ಟ. ಅಲ್ಲಿಂದ ರಗಡಾ ಶುರು. ಬಿಸಿಲಲ್ಲಿ ಬೆನ್ನಿಗೆ ಪಿಟ್ಟು ಚೀಲ ಹೊತ್ತು ಓಟ, ರಾತ್ರಿಯೆಲ್ಲ ಗಾರ್ಡ್, ಅಕ್ಕನ ಮದುವೆಗೆ ಕೇಳಿದ ಛುಟ್ಟಿ ಕಟ್. ಮದುವೆ ಮುಗಿದ ಮೇಲೆ ಛುಟ್ಟಿ ಸಿಕ್ಕಿತು. ಬಂದವನು ನನ್ನ ಮುಂದೆ ಕೂತು ಕೇಳಿದ:

"ಕಂಪ್ಲೇಂಟ್ ಕೊಡ್ಲಾ ಸಾರ್?"

"ಕೊಡಪ್ಪ. ಕಾಯ್ದೆ ಇದೆ."

"ಯಾರಿಗೆ ಕೊಡ್ಬೇಕು?"

"ನಿನ್ನ ಸಾಹೇಬರಿಗೆ."

"ಅವ್ರ ಮೇಲೇ ಕೊಡ್ಬೇಕಾಗಿರೋದು ಸಾರ್!"

ಹುಡುಗನಿಗೆ ತಮ್ಮ ಮಹಿಮೆ ಇನ್ನೂ ತಿಳಿದಿಲ್ಲ, ಕ್ಷಮಿಸಬೇಕು.

ಆದರೂ ನ್ಯಾಯವಾಗಿ ಹೇಳುವುದಾದರೆ, 1950ರ ಸೇನಾ ಕಾಯ್ದೆ ಅಷ್ಟು ನಿರ್ದಯಿಯಲ್ಲ. ಅದರ 26ನೇ ಕಲಂ ಸಿಪಾಯಿಗೂ, 27ನೇ ಕಲಂ ಅಧಿಕಾರಿಗೂ ದೂರು ಕೊಡುವ ಹಕ್ಕು ಕೊಟ್ಟಿವೆ. ಯಾರ ಮೇಲೆ ದೂರೋ ಅವರೇ ದೂರು ಸ್ವೀಕರಿಸಬೇಕಾದ ಅಧಿಕಾರಿಯಾಗಿದ್ದರೆ ಅವರ ಮೇಲಿನವರಿಗೆ ಕೊಡಬಹುದು ಎಂದೂ 26ರಲ್ಲೇ ಬರೆದಿದೆ. ಸ್ವೀಕರಿಸಿದವರು ಪೂರ್ತಿ ತನಿಖೆ ಮಾಡತಕ್ಕದ್ದು ಎಂದೂ ಇದೆ. ದೇವರು ವರ ಕೊಟ್ಟಾಗಿದೆ. ಪೂಜಾರಿ ಸ್ಥಾನದಲ್ಲಿ ತಾವಿದ್ದೀರಿ.

ಅದೇ ಕಾಯ್ದೆಯ ದರಪಟ್ಟಿಯನ್ನೂ ಹುಡುಗನಿಗೆ ಓದಿ ಹೇಳಿದೆ. ಮೇಲಧಿಕಾರಿ ಕರ್ತವ್ಯದಲ್ಲಿದ್ದಾಗ ಸಿಪಾಯಿ ಕೈಮಾಡಿದರೆ 40ನೇ ಕಲಮಿನಡಿ 14 ವರ್ಷದವರೆಗೆ ಸಜೆ. ಮೇಲಧಿಕಾರಿಯೇ ಕೈಕೆಳಗಿನವನ ಮೇಲೆ ಕೈಮಾಡಿದರೆ, ಪೀಡಿಸಿದರೆ, 47ನೇ ಕಲಮಿನಡಿ 7 ವರ್ಷದವರೆಗೆ. ಕೆನ್ನೆಗೂ ರ್‍ಯಾಂಕ್ ಇದೆ ಎಂಬುದು ಅವನಿಗೆ ಥಟ್ಟನೆ ಅರ್ಥವಾಯಿತು. ಇನ್ನು 56ನೇ ಕಲಂ: ದೂರಿನಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ 5 ವರ್ಷದವರೆಗೆ. ಸುಳ್ಳು ದೂರಿಗೆ ಶಿಕ್ಷೆ ಇರಲಿ, ನನ್ನ ತಕರಾರಿಲ್ಲ. ಆದರೆ ದೂರು ಬರೆಯಲು ಕೂತವನಿಗೆ ಸುಬೇದಾರ್ ಸಾಬ್ ಮೊದಲು ತೋರಿಸುವುದು ಇದೇ ಪುಟವನ್ನು. 47 ಇರುವ ಪುಟ ಯಾವಾಗಲೂ ಅಂಟಿಕೊಂಡಿರುತ್ತದೆ.

ಸೈನಿಕ ಸಮ್ಮೇಳನ ಇದೆಯಲ್ಲ, ನಾವು ದರ್ಬಾರ್ ಎನ್ನುತ್ತಿದ್ದುದು, ಅಲ್ಲಿ ಹೇಳಬಹುದಲ್ಲ ಎಂದು ತಾವು ಕೇಳಬಹುದು. ಹೌದು, ಕಮಾಂಡಿಂಗ್ ಆಫೀಸರ್ ಸಾಹೇಬರು ಎಲ್ಲರೆದುರು ನಿಂತು 'ಕೋಯೀ ಪಾಯಿಂಟ್?' ಎಂದು ಕೇಳುತ್ತಾರೆ. ಕೇಳುವ ಹಿಂದಿನ ದಿನವೇ ಪಾಯಿಂಟ್‌ಗಳನ್ನು ಸಂಗ್ರಹಿಸಿ, ಸೋಸಿ, ಪಟ್ಟಿ ಮಾಡಿದ್ದ ಕ್ಲರ್ಕ್ ನಾನು. ಸೋಸಿದ ಮೇಲೆ ಉಳಿಯುತ್ತಿದ್ದುದು ಎರಡೇ: ಕ್ಯಾಂಟೀನಿನಲ್ಲಿ ಸೋಪು ಸಿಗುತ್ತಿಲ್ಲ, ವಾಲಿಬಾಲ್ ನೆಟ್ ಹರಿದಿದೆ. ಸೋಪು ಬಂತು, ನೆಟ್ಟೂ ಬಂತು. ಈ ದೇಶದಲ್ಲಿ ದೂರು ಪರಿಹಾರವಾಗುವುದಿಲ್ಲ ಎನ್ನುವವರು ನನ್ನ ಹಳೆಯ ಫೈಲು ನೋಡಬೇಕು.

ಈಗ ತಮ್ಮ ಘನತೆಗೆ ಕುಂದು ತಂದ ಒಬ್ಬನ ಕಥೆಗೆ ಬರುತ್ತೇನೆ. ರಂಜಿತ್ ಠಾಕೂರ್ ಪ್ರಕರಣ ತಮಗೆ ಮರೆತಿರಲಾರದು. 1985ರಲ್ಲಿ ಈ ಸಿಗ್ನಲ್‌ಮನ್, ತನ್ನ ಕಮಾಂಡಿಂಗ್ ಆಫೀಸರ್ ಪೀಡಿಸುತ್ತಿದ್ದಾರೆಂದು ಮೇಲಿನವರಿಗೆ ನೇರವಾಗಿ ಬರೆದುಬಿಟ್ಟ. ತಮ್ಮನ್ನು ಬಿಟ್ಟು ಆಚೆಯಿಂದ ಹೋದ! ಬಿಡುತ್ತಾರೆಯೇ? 28 ದಿನ ಕಠಿಣ ಸಜೆ. ವಿಧಿಸಿದವರು, ದೂರು ಯಾರ ಮೇಲಿತ್ತೋ ಅವರೇ. ಕೈಗೆ ಬೇಡಿ ಹಾಕಿ ಕ್ವಾರ್ಟರ್ ಗಾರ್ಡಿನಲ್ಲಿ ಕೂಡಿಟ್ಟರು. ಅಲ್ಲಿ ಒಂದು ದಿನ ಊಟ ಬಂತು. 'ಊಟ ಮಾಡು' ಎಂದು ಆಜ್ಞೆಯಾಯಿತು. ಆತ ಉಣ್ಣಲಿಲ್ಲ.

ನಮ್ಮ ಅಗ್ರಹಾರದಲ್ಲಿ ಉಣ್ಣದೆ ಕೂತವನನ್ನು ಮನೆಯ ಹೆಂಗಸರು 'ಒಂದೇ ಒಂದು ತುತ್ತು' ಎಂದು ಗೋಗರೆಯುತ್ತಾರೆ. ಸೇನೆಯಲ್ಲಿ ಅದಕ್ಕೆ ಕಲಂ ಉಂಟು, 41: ಮೇಲಧಿಕಾರಿಯ ಆಜ್ಞೆ ಮೀರುವುದು. ಮರುದಿನವೇ ಸಮ್ಮರಿ ಕೋರ್ಟ್ ಮಾರ್ಷಲ್ ಕೂತಿತು. ಪೀಠದಲ್ಲಿ ಯಾರು? ಮತ್ತೆ ಅದೇ ಸಾಹೇಬರು. ತನ್ನ ವಿಚಾರಣೆ ನಡೆಸುವವರ ಬಗ್ಗೆ ಆಕ್ಷೇಪವಿದೆಯೇ ಎಂದು ಆರೋಪಿಯನ್ನು ಯಾರೂ ಕೇಳಲಿಲ್ಲ. ತಪ್ಪೊಪ್ಪಿಕೊಂಡಿದ್ದಾನೆ ಎಂದರು, ಆದರೆ ಅದಕ್ಕೆ ಆರೋಪಿಯ ಸಹಿ ಇರಲಿಲ್ಲ. ತೀರ್ಪು: ಒಂದು ವರ್ಷ ಕಠಿಣ ಸಜೆ, ನೌಕರಿಯಿಂದ ವಜಾ. ಒಂದು ತಟ್ಟೆ ಊಟಕ್ಕೆ ಇಷ್ಟು ದುಬಾರಿ ಬಿಲ್ಲು ಯಾವ ಹೋಟೆಲಿನಲ್ಲೂ ಹಾಕುವುದಿಲ್ಲ, ಅದೂ ಉಣ್ಣದೇ ಬಿಟ್ಟ ಊಟಕ್ಕೆ.

ಇಲ್ಲಿಯವರೆಗೆ ಎಲ್ಲವೂ ತಮ್ಮ ಇಷ್ಟದಂತೆಯೇ ನಡೆದಿತ್ತು. ಕೆಡಿಸಿದ್ದು ನಮ್ಮ ಕಡೆಯ ಒಬ್ಬರು. ಕರ್ನಾಟಕ ಹೈಕೋರ್ಟಿನಿಂದ ಆಗಷ್ಟೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು 1987ರ ಅಕ್ಟೋಬರ್‌ನಲ್ಲಿ ತೀರ್ಪು ಬರೆದರು. ನ್ಯಾಯ ಹೇಳುವವನು ತನ್ನ ಮನಸ್ಸನ್ನು ತಾನೇ ನೋಡಿಕೊಂಡು 'ನನಗೆ ಪಕ್ಷಪಾತವಿಲ್ಲ' ಎಂದುಕೊಂಡರೆ ಆಗದು, ಎದುರು ನಿಂತವನ ಮನಸ್ಸಿನಲ್ಲಿ ಏನು ಮೂಡುತ್ತದೆ ಎಂದು ನೋಡಬೇಕು ಎಂಬುದು ಅದರ ತಿರುಳು. ತಪ್ಪಿಗೂ ಶಿಕ್ಷೆಗೂ ಒಂದು ಅಳತೆ ಇರಬೇಕು ಎಂದೂ ಹೇಳಿದರು. ಕೋರ್ಟ್ ಮಾರ್ಷಲ್ ರದ್ದಾಯಿತು, ಆತ ಎಲ್ಲ ಸೌಲಭ್ಯಗಳೊಂದಿಗೆ ನೌಕರಿಗೆ ಮರಳಿದ. ಇಂದಿಗೂ ಕಾನೂನು ಓದುವ ಹುಡುಗರು ಈ ತೀರ್ಪನ್ನು ಉರುಹೊಡೆಯುತ್ತಾರೆ. ಯೂನಿಟ್ ಲೈನಿನಲ್ಲಿ ಮಾತ್ರ ಯಾರೂ ಓದಿದ್ದನ್ನು ನಾನು ಕಂಡಿಲ್ಲ. ಸರ್ಕ್ಯುಲೇಷನ್ನಿಗೆ ಹಾಕಲು ತಾವು ಮರೆತಿರಬೇಕು.

ಇದು ಸಿಪಾಯಿಗಳ ಪಾಡು, ದೊಡ್ಡವರಿಗೆ ತಾವು ದಾರಿ ಬಿಡುತ್ತೀರಿ ಎಂದು ಹುಡುಗ ಅಂದುಕೊಂಡಿದ್ದ. ಅದೂ ಸುಳ್ಳು. ತಾವು ಭೇದಭಾವ ಮಾಡಿದವರಲ್ಲ. ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರಿಗಿಂತ ದೊಡ್ಡವರು ಬೇಕೇ? ಭೂಸೇನೆಯ ಮುಖ್ಯಸ್ಥರಾಗಿದ್ದಾಗಲೇ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಂದಿಗೆ ಬಡ್ತಿಗಳ ವಿಷಯವೂ ಸೇರಿ ಹಲವು ಕಾರಣಕ್ಕೆ ಮುರಿದುಬಿತ್ತು. 1959ರ ಆಗಸ್ಟ್ 31ರಂದು ಜನರಲ್ ರಾಜೀನಾಮೆ ಬರೆದರು. ಪ್ರಧಾನಿ ನೆಹರೂ ಕರೆಸಿ, ಸಮಾಧಾನ ಹೇಳಿ, ವಾಪಸು ತೆಗೆಸಿದರು. ಎರಡು ದಿನ ಕಳೆಯುವುದರೊಳಗೆ ಲೋಕಸಭೆಯಲ್ಲಿ ನಿಂತು, ಜನರಲ್ ಎತ್ತಿದ ವಿಷಯಗಳು ಕ್ಷುಲ್ಲಕವೆಂಬ ಧಾಟಿಯಲ್ಲಿ ಮಾತಾಡಿದರು. ಸೈನ್ಯ ಚುನಾಯಿತ ಸರ್ಕಾರದ ಮಾತು ಕೇಳಬೇಕು, ಅದು ಬೇರೆ ಮಾತು, ಅದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಆದರೆ ದೂರು ಹಿಂದಕ್ಕೆ ಪಡೆದವನನ್ನು ಸಭೆಯಲ್ಲಿ ನಿಲ್ಲಿಸಿ ದೂರಿನ ಕಾರಣಕ್ಕೇ ತರಾಟೆಗೆ ತೆಗೆದುಕೊಳ್ಳುವ ರೂಢಿ ನನಗೆ ಬಹಳ ಪರಿಚಿತ ಅನ್ನಿಸಿತು. ನಮ್ಮ ಕಂಪನಿ ಕಚೇರಿಯಲ್ಲಿ ನಾಯಕ್ ಒಬ್ಬನಿಗೆ ಆದದ್ದೂ ಅದೇ. ವ್ಯತ್ಯಾಸವೆಂದರೆ ಆ ನಾಯಕ್‌ನ ಮನೆಯನ್ನು ಯಾರೂ ಮ್ಯೂಸಿಯಂ ಮಾಡಲಿಲ್ಲ. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಮೈಸೂರಿನಿಂದ ಬಸ್ಸಿದೆ, ಒಮ್ಮೆ ಹೋಗಿಬನ್ನಿ.

ಇನ್ನೊಬ್ಬ ಸೇನಾ ಮುಖ್ಯಸ್ಥರು, ಜನರಲ್ ವಿ.ಕೆ. ಸಿಂಗ್, ತಮ್ಮ ಜನ್ಮದಿನಾಂಕದ ತಗಾದೆಗೆ ಶಾಸನಬದ್ಧ ದೂರನ್ನೇ ಬರೆದರು. 2011ರ ಕೊನೆಗೆ ಸರ್ಕಾರ ತಳ್ಳಿಹಾಕಿತು. ಸುಪ್ರೀಂ ಕೋರ್ಟಿಗೆ ಹೋಗಿ ಫೆಬ್ರುವರಿ 2012ರಲ್ಲಿ ಅರ್ಜಿ ಹಿಂದಕ್ಕೆ ಪಡೆದರು. ನಾಲ್ಕು ನಕ್ಷತ್ರದವರಿಗೂ ಎರಡೇ ಸಾಲು. ತಮ್ಮ ಸಮದರ್ಶಿತ್ವಕ್ಕೆ ನಮೋ ನಮಃ.

ತಮ್ಮನ್ನು ಪೂರ್ತಿ ಬಿಟ್ಟು ಮೊಬೈಲ್ ಹಿಡಿದವರೂ ಉಂಟು. 2017ರ ಜನವರಿಯಲ್ಲಿ ಬಿಎಸ್‌ಎಫ್ ಜವಾನನೊಬ್ಬ ನೀರು ಬೇಳೆ, ಸೀದ ರೊಟ್ಟಿ ತೋರಿಸಿ ವಿಡಿಯೊ ಹಾಕಿದ. ದೇಶವೆಲ್ಲ ನೋಡಿತು. ಏಪ್ರಿಲ್‌ನಲ್ಲಿ ಅವನನ್ನು ವಜಾ ಮಾಡಿದರು. ಅದೇ ಜನವರಿಯಲ್ಲಿ ಭೂಸೇನೆಯ ಮುಖ್ಯಸ್ಥರು ದೂರು ಪೆಟ್ಟಿಗೆಗಳನ್ನು ಇಡಿಸುವುದಾಗಿ ಹೇಳಿದರು. ಒಳ್ಳೆಯ ಉದ್ದೇಶವೇ. ಆದರೆ ಪೆಟ್ಟಿಗೆಯ ಹತ್ತಿರ ಯಾರು ನಡೆದುಹೋದರು ಎಂದು ನೋಡುವ ಕಣ್ಣುಗಳು ಪೆಟ್ಟಿಗೆಯ ಬೀಗಕ್ಕಿಂತ ಹಳೆಯವು. ಹುಡುಗ ಮೊಬೈಲ್ ತೆಗೆದಾಗ ನಾನೇ ಕಸಿದುಕೊಂಡೆ. ಸೇನಾ ಕಾಯ್ದೆಯ 21ನೇ ಕಲಂ ಅವನ ಬಾಯಿಗೆ ಬೀಗ ಹಾಕಿದೆ. ವಿಡಿಯೊ ಹಾಕಿದ ಕ್ಷಣ ಸಾಹೇಬರ ತಪ್ಪು ಮರೆಯಾಗಿ ಇವನ ತಪ್ಪೊಂದೇ ಕಾಣುತ್ತದೆ.

ರೆಡ್ ಇಂಕ್ ಎಂಟ್ರಿ, ಅಂದರೆ ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬೀಳುವ ಶಿಕ್ಷೆಯ ನಮೂದು, ಅದರ ಬಗ್ಗೆಯೂ ಒಂದು ಮಾತು. ದಾಖಲೆಯಲ್ಲಿ ನಾಲ್ಕು ಕೆಂಪು ಶಾಯಿ ಬಿದ್ದರೆ ಮನೆಗೆ ಕಳಿಸಬಹುದು ಎಂಬ ಲೆಕ್ಕ ಎಲ್ಲ ಸಿಪಾಯಿಗಳಿಗೂ ಬಾಯಿಪಾಠ. ಬರೀ ನಾಲ್ಕು ಎಂದು ಎಣಿಸಿ ಕಳಿಸುವ ಹಾಗಿಲ್ಲ, ವಿಚಾರಣೆ ನಡೆಸಬೇಕು, ಅವನ ಸೇವೆ, ಅವನು ಇದ್ದ ಕಠಿಣ ಜಾಗಗಳನ್ನು ತೂಗಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿರುವುದು ಮಾತ್ರ ಯಾರ ಬಾಯಲ್ಲೂ ಇಲ್ಲ.

ಕೊನೆಯ ಬಾಗಿಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆ, 2009ರಿಂದ ಕೆಲಸ. ಮೈಸೂರಿನವರಿಗೆ ಹತ್ತಿರದ ಪೀಠಗಳೆಂದರೆ ಚೆನ್ನೈ, ಕೊಚ್ಚಿ. ಅಲ್ಲಿಗೆ ಹೋಗುವ ಮೊದಲು ಇಲಾಖೆಯೊಳಗಿನ ದೂರಿನ ದಾರಿ ಮುಗಿಸಿರಬೇಕು. ದೂರು ಕೊಟ್ಟು 6 ತಿಂಗಳಾದರೂ ಆದೇಶ ಬರದಿದ್ದರೆ ದಾರಿ ಮುಗಿದಂತೆಯೇ ಲೆಕ್ಕ. ಇಲ್ಲೂ ತಮ್ಮ ಕೈಚಳಕ ಕಂಡೆ: ವರ್ಗಾವಣೆ ಮತ್ತು ಪೋಸ್ಟಿಂಗ್, ಯಾವುದೇ ಬಗೆಯ ರಜೆ, ಇವೆರಡೂ ನ್ಯಾಯಮಂಡಳಿಯ ವ್ಯಾಪ್ತಿಯಿಂದ ಹೊರಗೆ! ಹುಡುಗನ ಛುಟ್ಟಿ ಕಟ್ ಆದದ್ದನ್ನು ಅಲ್ಲಿ ಪ್ರಶ್ನಿಸಲಾಗದು. ಹಗೆ ತೀರಿಸಲು ಸಾಹೇಬರ ಕೈಗೆ ಸುಲಭಕ್ಕೆ ಸಿಗುವ ಎರಡು ದೊಣ್ಣೆಗಳನ್ನೇ ಹುಡುಕಿ ಹೊರಗಿಟ್ಟಿದ್ದಾರೆ.

ತಾವು ನನ್ನನ್ನು ಶಿಸ್ತಿನ ವೈರಿ ಎಂದುಕೊಳ್ಳಬೇಡಿ. ಗುಂಡು ಹಾರುವಾಗ 'ಯಾಕೆ ಸಾಬ್' ಎಂದು ಕೇಳುವ ಸೈನ್ಯ ಸೈನ್ಯವಲ್ಲ. ಕೈಕೆಳಗಿನವರು ಊಟ ಮಾಡಿದ ಮೇಲೇ ತಾವು ಉಣ್ಣುತ್ತಿದ್ದ ಸಾಹೇಬರ ಹತ್ತಿರವೂ ದುಡಿದಿದ್ದೇನೆ. ಅಂಥವರ ಕಾಲದಲ್ಲಿ ನನ್ನ ಟೈಪ್‌ರೈಟರಿಗೆ ಕೆಲಸವೇ ಇರುತ್ತಿರಲಿಲ್ಲ. ನನ್ನ ತಕರಾರು ನಾಯಿಯನ್ನು ಸುತ್ತಾಡಿಸಲು ಯುದ್ಧದ ಶಿಸ್ತನ್ನು ಬಳಸುವುದರ ಬಗ್ಗೆ. ಒಬ್ಬನೇ ಮನುಷ್ಯ ಫಿರ್ಯಾದಿ, ಸಾಕ್ಷಿ, ನ್ಯಾಯಾಧೀಶ ಮೂರೂ ಆಗಿ, ಆಮೇಲೆ ವರ್ಷದ ಗೌಪ್ಯ ವರದಿ (ಎಸಿಆರ್) ಬರೆಯಲೂ ಕೂರುವುದರ ಬಗ್ಗೆ.

ಹುಡುಗನ ದೂರನ್ನು ನಾನೇ ಬರೆದುಕೊಟ್ಟೆ. ಬೈಗುಳ ಇಲ್ಲ, 'ಮಾನಸಿಕ ಹಿಂಸೆ' ಎಂಬ ಹೊಗೆಯಂಥ ಮಾತಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ಹೇಳಿದರು, ಹತ್ತಿರ ಯಾರಿದ್ದರು, ಅಷ್ಟೇ. ಸಾಹೇಬರ ನಡತೆಯ ಬಗ್ಗೆ ಕೇಳಿದ ಸುದ್ದಿ ಒಂದನ್ನೂ ಸೇರಿಸಲು ಬಿಡಲಿಲ್ಲ, 56ನೇ ಕಲಂ ಕಾಯುತ್ತಿರುತ್ತದೆ. ಕೊನೆಯಲ್ಲಿ ಏನು ಪರಿಹಾರ ಬೇಕು ಎಂದು ಒಂದೇ ಸಾಲು. ಆಜ್ಞೆ ಕೊಟ್ಟರೆ ಮೊದಲು ಪಾಲಿಸು, ದೂರು ಆಮೇಲೆ ಎಂದು ಹೇಳಿದ್ದೇನೆ. ಊಟ ಕೊಟ್ಟರೆ ಮರುಮಾತಿಲ್ಲದೆ ಉಣ್ಣು ಎಂದೂ ಹೇಳಿದ್ದೇನೆ. 26ನೇ ಕಲಮಿನ ಎರಡನೇ ಉಪಕಲಂ ಹೆಸರಿಸಿ, ಸಾಹೇಬರ ಮೇಲಿನ ಸಾಹೇಬರ ಹೆಸರಿಗೆ ಕಳಿಸಿದ್ದಾಗಿದೆ. ಪ್ರತಿ ಒಂದು ಅವನ ಟ್ರಂಕಿನಲ್ಲಿದೆ, ಒಂದು ನನ್ನ ಬೀರುವಿನಲ್ಲಿದೆ.

ತಲುಪಿದ್ದಕ್ಕೆ ಸಹಿ, ದಿನಾಂಕ, ಮೊಹರು ಹಾಕಿಸಿಕೊಂಡಿದ್ದಾನೆ. ಕಳೆದ ಸೋಮವಾರದ್ದು. ತಮ್ಮ 6 ತಿಂಗಳು ಅಂದಿನಿಂದ ಎಣಿಕೆಯಾಗುತ್ತಿದೆ.

ಇಂತಿ ತಮ್ಮ ಹಳೆಯ ಟೈಪಿಸ್ಟ್,
ಅಗ್ರಹಾರ.

ಪ್ರತಿ: ಇಲ್ಲ. ಬಹಿರಂಗ ಪತ್ರವಾದ್ದರಿಂದ ತಮ್ಮ ಮೂಲಕ ಕಳಿಸುವ ಪ್ರಮೇಯ ಬರಲಿಲ್ಲ.