ಶೀತಜನ್ಯ ರಸಿಕತೆ

ಮನುಷ್ಯನಲ್ಲಿ ಕಲಾಭಿರುಚಿಯು ಹೇಗೆ ಅಂಕುರಿಸುತ್ತದೆಂಬುದನ್ನು ಕುರಿತು ಪ್ರಾಚ್ಯರೂ ಪಾಶ್ಚಾತ್ಯರೂ ಬಹುಕಾಲದಿಂದ ವಿಚಾರ ಮಾಡಿದ್ದಾರೆ. ಪೂರ್ವಜನ್ಮದ ವಾಸನೆ ಎಂದವರುಂಟು, ಸತ್ಸಹವಾಸದ ಫಲ ಎಂದವರುಂಟು, ಅನ್ನಚಿಂತೆ ತೀರಿದವರ ವಿಲಾಸವೆಂದು ಮೂಗು ಮುರಿದವರೂ ಉಂಟು. ಆದರೆ ಇವರಲ್ಲಿ ಯಾರೊಬ್ಬರೂ ಷಿಕಾಗೋ ನಗರದ ಚಳಿಗಾಲದಲ್ಲಿ, ಮಂಡ್ಯದಿಂದ ಬಂದ ಅತ್ತೆಮಾವಂದಿರನ್ನೂ ಶಾಲೆಗೆ ರಜೆಯಿರುವ ಮಕ್ಕಳನ್ನೂ ಇಕ್ಕಟ್ಟಾದ ಮನೆಯೊಂದರಲ್ಲಿ ಕೂಡಿಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕಾಲಹರಣ ಮಾಡಬೇಕಾದ ಗೃಹಸ್ಥರಾಗಿರಲಿಲ್ಲವಾದಕಾರಣ, ಕಲಾಭಿರುಚಿಯ ನಿಜವಾದ ಜನಕನು ಶೀತವೇ ಎಂಬ ಸರಳ ಸತ್ಯವು ಅವರ ದೃಷ್ಟಿಗೆ ಬೀಳದೆ ಹೋಯಿತು.

ಈ ಊರಿನ ಚಳಿಯೆಂದರೆ ಸಾಮಾನ್ಯವಾದುದಲ್ಲ. 2019ರ ಜನವರಿ 30ರಂದು ಇಲ್ಲಿಯ ಉಷ್ಣಮಾನವು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು. ಅಷ್ಟು ಇಳಿಯದ ದಿನಗಳಲ್ಲಿಯೂ ಮಿಷಿಗನ್ ಸರೋವರದ ಮೇಲಿನಿಂದ ಬೀಸುವ ಗಾಳಿಯು ಕಿವಿಯಲ್ಲಿ ಹೊಕ್ಕು ಪೂರ್ವಿಕರನ್ನೆಲ್ಲ ಸ್ಮರಣೆಗೆ ತರುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ನಾಲ್ಕೂವರೆಗೆ ಮೊದಲೇ ಕಚೇರಿ ಮುಚ್ಚಿಕೊಂಡು ಹೊರಟುಹೋಗುತ್ತಾನೆ. ಉದ್ಯಾನಗಳಿಗೆ ಹೋಗುವಂತಿಲ್ಲ, ಸರೋವರದ ದಡಕ್ಕೆ ಹೋಗುವಂತಿಲ್ಲ. ಅಂಗಡಿಗಳಿಗೆ ಹೋದರೆ ಅತ್ತೆಯವರು ಪ್ರತಿಯೊಂದು ವಸ್ತುವಿನ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ನಿಟ್ಟುಸಿರುಬಿಡುತ್ತಾರೆ. ಲೆಮಾಂಟಿನಲ್ಲಿಯೂ ಅರೋರಾದಲ್ಲಿಯೂ ಭವ್ಯವಾದ ದೇವಾಲಯಗಳಿವೆ, ಬಿಸಿಯಾದ ಪ್ರಸಾದವೂ ಉಂಟು, ನಿಜ. ಆದರೆ ಭಗವಂತನಿಗೆ ವಾರಕ್ಕೆ ಎಷ್ಟು ಸಲವೆಂದು ತೊಂದರೆ ಕೊಡುವುದು? ಇಂಥ ಸಂಕಟದಲ್ಲಿ ಗೃಹಸ್ಥನ ಕೈಹಿಡಿಯತಕ್ಕವು ಕಲಾಶಾಲೆಗಳು, ವಸ್ತುಸಂಗ್ರಹಾಲಯಗಳು, ಸಂಗೀತಸಭೆಗಳು. ಅಲ್ಲಿ ಬೆಚ್ಚಗಿರುತ್ತದೆ, ಕೂರಲು ಆಸನವಿರುತ್ತದೆ, ಶೌಚಾಲಯವು ನಿರ್ಮಲವಾಗಿರುತ್ತದೆ. ಇವೆಲ್ಲಕ್ಕೂ ಕಲಶವಿಟ್ಟಂತೆ, ಪರವೂರ ಯಾತ್ರಿಕರು ಚಳಿಗೆ ಹೆದರಿ ಬಾರದ ಈ ಋತುವಿನಲ್ಲಿ ಇಲಿನಾಯ್ ನಿವಾಸಿಗಳಿಗೆ ಹಲವು ಸಂಗ್ರಹಾಲಯಗಳು ಕೆಲವು ದಿನ ಉಚಿತ ಪ್ರವೇಶವನ್ನು ದಯಪಾಲಿಸುತ್ತವೆ. ಈ ದಿನಗಳನ್ನೆಲ್ಲ ನಮ್ಮ ಮನೆಯವಳು ಹಾಳೆಯೊಂದರ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಏಕಾದಶಿಯನ್ನಾದರೂ ಮರೆತೇವು, ಅವನ್ನು ಮರೆಯುವಂತಿಲ್ಲ.

ಹೊರಡುವ ಸಿದ್ಧತೆಯೇ ಒಂದು ಪ್ರತ್ಯೇಕ ಪರ್ವ. ಅತ್ತೆಯವರು ಸೀರೆಯನ್ನು ಬಿಡುವವರಲ್ಲ. ಒಳಗೊಂದು ಉಣ್ಣೆಯ ಪಾಯಿಜಾಮ, ಅದರ ಮೇಲೆ ಲಂಗ, ಅದರ ಮೇಲೆ ಸೀರೆ, ಅದರ ಮೇಲೆ ಮಗಳ ಸ್ವೆಟರು, ಅದರ ಮೇಲೆ ಅಳಿಯನ ಹಳೆಯ ಕೋಟು, ಕಾಲಿಗೆ ಮೊಮ್ಮಗನ ಹಿಮದ ಬೂಟು. ಬೀದಿಯ ಹಿಮ ಕರಗಲೆಂದು ನಗರದವರು ಚೆಲ್ಲಿದ ಉಪ್ಪು ಸೀರೆಯ ಅಂಚಿಗೆ ಹತ್ತಿ, ಒಣಗಿದ ಮೇಲೆ ಜರಿಯ ಪಕ್ಕದಲ್ಲಿ ಇನ್ನೊಂದು ಬಿಳಿಯ ಜರಿಯಾಗಿ ನಿಲ್ಲುತ್ತದೆ. ಮಾವನವರದು ಮಂಕಿ ಟೋಪಿ. ಅದರೊಳಗಿಂದ ಮೂಗೂ ಕನ್ನಡಕವೂ ಮಾತ್ರ ಲೋಕವನ್ನು ವೀಕ್ಷಿಸುತ್ತಿರುತ್ತವೆ. ಇಷ್ಟನ್ನೂ ಧರಿಸಿ ಹೋದವರು ಕಲಾಶಾಲೆಯ ಬಾಗಿಲಲ್ಲಿ ಇಷ್ಟನ್ನೂ ಕಳಚಿ, ಕೋಟುಗಳನ್ನು ಒಪ್ಪಿಸಿ ಬಿಲ್ಲೆ ಪಡೆಯಬೇಕು. ಬಿಲ್ಲೆ ಕೊಡುವ ಹುಡುಗನನ್ನು ಅತ್ತೆಯವರು ಪೂರ್ಣವಾಗಿ ನಂಬಿಲ್ಲ. ಕೋಟಿನ ಜೇಬಿನಲ್ಲಿದ್ದ ಕೊಬ್ಬರಿಮಿಠಾಯಿಯ ಪೊಟ್ಟಣವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಅವರಿಗೆ ಸಮಾಧಾನ.

ಮಿಷಿಗನ್ ಅವೆನ್ಯೂದಲ್ಲಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಮಾವನವರ ಪಾಲಿಗೆ ಕಲಾಶಾಲೆಯೇ ಅಲ್ಲ, ಪುಣ್ಯಕ್ಷೇತ್ರ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಈ ಕಟ್ಟಡದಲ್ಲಿಯೇ. ಎದುರಿನ ರಸ್ತೆಗೆ ಗೌರವಾರ್ಥವಾಗಿ ಅವರ ಹೆಸರಿನ ಫಲಕವನ್ನೂ ಹಾಕಿದ್ದಾರೆ. ಮಾವನವರು ಆ ಫಲಕದ ಕೆಳಗೆ ಮಂಕಿ ಟೋಪಿಯನ್ನು ಭಕ್ತಿಯಿಂದ ತೆಗೆದು ನಿಂತು, ಮೊಮ್ಮಕ್ಕಳಿಗೆ ಸಮ್ಮೇಳನದ ವೃತ್ತಾಂತವನ್ನು ಆದಿಯಿಂದ ಆರಂಭಿಸಿದರು. ಗಾಳಿಯು ಒಂದು ಸಲ ಬೀಸಿತು. ವೃತ್ತಾಂತವು ತತ್‌ಕ್ಷಣವೇ ಸಂಕ್ಷೇಪವಾಯಿತು. ಟೋಪಿ ಸ್ವಸ್ಥಾನಕ್ಕೆ ಮರಳಿತು. “ಸಭೆಯನ್ನ ಸೆಪ್ಟೆಂಬರಿನಲ್ಲಿ ಕರೆದರಲ್ಲ, ಅವರೂ ವಿವೇಕಿಗಳೇ” ಎಂದಷ್ಟೇ ಹೇಳಿ ಅವರು ಮೆಟ್ಟಿಲೇರಿದರು. ಬಾಗಿಲಿನ ಇಕ್ಕೆಲಗಳಲ್ಲಿ ಎಡ್ವರ್ಡ್ ಕೆಮೀಸ್ ಎಂಬ ಶಿಲ್ಪಿಯ ಕಂಚಿನ ಸಿಂಹಗಳಿವೆ. ಕ್ರಿಸ್ಮಸ್ ಸಮಯದಲ್ಲಿ ಅವುಗಳ ಕೊರಳಿಗೆ ಹಸಿರೆಲೆಯ ದೊಡ್ಡ ಹಾರಗಳನ್ನು ತೊಡಿಸುತ್ತಾರೆ. ಹಾರ ಹಾಕಿಸಿಕೊಂಡ ಪ್ರಾಣಿಯ ಮುಂದೆ ಸುಮ್ಮನೆ ಹಾದುಹೋಗುವುದು ಅತ್ತೆಯವರಿಂದಾಗದು, ಕೈಗವಸಿನೊಳಗೇ ಕೈಮುಗಿದರು.

ಗ್ರಾಂಟ್ ವುಡ್ಡನು 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಚಿತ್ರದ ಮುಂದೆ ಜನವೋ ಜನ. ಕವಲುಗೋಲನ್ನು ನೆಟ್ಟಗೆ ಹಿಡಿದು ನಿಂತ ಒಬ್ಬ ರೈತ, ಪಕ್ಕದಲ್ಲಿ ದೃಷ್ಟಿಯನ್ನು ಬೇರೆಡೆಗೆ ಹೊರಳಿಸಿದ ಒಬ್ಬ ಹೆಂಗಸು, ಇಬ್ಬರ ಮುಖದಲ್ಲಿಯೂ ನಗೆಯ ಲವಲೇಶವಿಲ್ಲ. ಇದನ್ನು ಕುರಿತು ವಿಮರ್ಶಕರು ಬರೆದಿರುವುದು ಅಪಾರ. ಜೀವಮಾನವನ್ನೆಲ್ಲ ಕೃಷಿ ಇಲಾಖೆಯಲ್ಲಿ ಕಳೆದ ನಮ್ಮ ಮಾವನವರು ಒಂದು ನಿಮಿಷ ನಿಟ್ಟಿಸಿ, “ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆದು ಬಂದಿದ್ದಾನೆ, ಪಾಪ” ಎಂದು ತೀರ್ಪಿತ್ತರು. ಚಿತ್ರಕಾರನಿಗೆ ಮಾದರಿಯಾಗಿ ನಿಂತ ಹೆಂಗಸು ಆತನ ತಂಗಿಯೆಂದೂ, ಗಂಡಸು ಆತನ ಹಲ್ಲಿನ ವೈದ್ಯನೆಂದೂ, ಅವರು ದಂಪತಿಗಳಲ್ಲವೆಂದೂ ನಾನು ವಿವರಿಸಿದೆನಾದರೂ ಅವರ ಅಭಿಪ್ರಾಯ ಕದಲಲಿಲ್ಲ. ಹಲ್ಲು ಕೀಳುವವನಿಗೇನು ಜಮೀನಿರಬಾರದೇ ಎಂದು ನನ್ನನ್ನೇ ಕೇಳಿದರು.

ಎಡ್ವರ್ಡ್ ಹಾಪರನ 1942ರ ‘ನೈಟ್‌ಹಾಕ್ಸ್’ ಅತ್ತೆಯವರನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ನಿರ್ಜನವಾದ ರಾತ್ರಿ, ಮೂಲೆಯಲ್ಲಿ ಪ್ರಕಾಶಮಾನವಾದ ಒಂದು ಹೋಟೆಲು, ಗಾಜಿನ ಹಿಂದೆ ಮೂವರು ಗಿರಾಕಿಗಳು, ಬಿಳಿಯ ಟೋಪಿಯ ಮಾಣಿ. ಆಧುನಿಕ ಮಾನವನ ಏಕಾಕಿತನವು ಇದರಲ್ಲಿ ಮೂರ್ತಿವೆತ್ತಿದೆಯೆಂಬುದು ಪಂಡಿತರ ಮತ. ಅತ್ತೆಯವರು ಮೊದಲು ಕಾಫಿಯ ಹಂಡೆಗಳನ್ನು ಎಣಿಸಿದರು, ಎರಡಿದ್ದವು, ತೃಪ್ತರಾದರು. ಆಮೇಲೆ ಬೀದಿಯಿಂದ ಒಳಹೋಗುವ ಬಾಗಿಲನ್ನು ಹುಡುಕಿದರು; ಅದು ಇರಲಿಲ್ಲ. ಚಿತ್ರಕಾರನು ಬಾಗಿಲನ್ನೇ ಬರೆದಿಲ್ಲವೆಂಬುದನ್ನು ರಸಜ್ಞರು ಬಹುಕಾಲದಿಂದ ಚರ್ಚಿಸುತ್ತಿದ್ದಾರೆಂದು ನಾನು ಹೇಳಿದೆ. “ಬಾಗಿಲು ಯಾತಕ್ಕೆ? ಒಳಗೆ ಬೆಚ್ಚಗೆ ಕೂತಿದ್ದಾರೆ, ಬಿಸಿ ಕಾಫಿ ಇದೆ. ಈ ಚಳೀಲಿ ಯಾರು ಎದ್ದು ಹೊರಗೆ ಬರ್ತಾರೆ?” ಎಂದರು. ಏಕಾಕಿತನದ ಸಿದ್ಧಾಂತಕ್ಕಿಂತ ಇದು ಚಿತ್ರಕ್ಕೆ ಹೆಚ್ಚು ಹೊಂದುತ್ತದೆಂಬುದು ನನ್ನ ಅಭಿಪ್ರಾಯ. ಸ್ಯೂರಾ ಎಂಬ ಫ್ರೆಂಚನು ಲಕ್ಷೋಪಲಕ್ಷ ಚುಕ್ಕೆಗಳಿಂದ ರಚಿಸಿದ, ಎರಡು ಮೀಟರು ಎತ್ತರ ಮೂರು ಮೀಟರು ಅಗಲದ ನದೀತೀರದ ಚಿತ್ರದಲ್ಲಿ, ಕೊಡೆ ಹಿಡಿದ ಗಣ್ಯಸ್ತ್ರೀಯು ಹಗ್ಗ ಕಟ್ಟಿ ಹಿಡಿದಿರುವ ಕೋತಿಯನ್ನು ಎಲ್ಲರಿಗಿಂತ ಮೊದಲು ಕಂಡವರೂ ಅತ್ತೆಯವರೇ.

ಆದರೆ ಅವರ ವಿದ್ವತ್ತು ಪೂರ್ಣಪ್ರಭೆಯಿಂದ ಬೆಳಗಿದ್ದು ನೆಲಮಾಳಿಗೆಯ ಥಾರ್ನ್ ಕೋಣೆಗಳಲ್ಲಿ. ಅಡಿಗೆ ಅಂಗುಲದ ಪ್ರಮಾಣದಲ್ಲಿ, ಯೂರೋಪು ಅಮೆರಿಕಗಳ ಗೃಹಾಂತರ್ಭಾಗಗಳನ್ನು ಕುರ್ಚಿ, ದೀಪ, ಜಮಖಾನ, ಟೀ ಬಟ್ಟಲು ಸಮೇತ ನಿರ್ಮಿಸಿದ 68 ಪುಟಾಣಿ ಕೋಣೆಗಳು ಇಲ್ಲಿವೆ. ಶ್ರೀಮತಿ ಥಾರ್ನ್ ಎಂಬ ಸಿರಿವಂತೆ 1932ರಿಂದ 1940ರವರೆಗೆ ನುರಿತ ಕುಶಲಕರ್ಮಿಗಳಿಂದ ಮಾಡಿಸಿದವು. ಪ್ರತಿ ನವರಾತ್ರಿಯೂ ಒಂಬತ್ತು ಮೆಟ್ಟಿಲ ಬೊಂಬೆ ಕೂಡಿಸಿ ಬೀದಿಯ ಹೆಂಗಸರಿಂದ ಭಲೆ ಎನ್ನಿಸಿಕೊಂಡ ಅತ್ತೆಯವರು ಪ್ರತಿಸ್ಪರ್ಧಿಯ ಮನೆಗೆ ಬಂದವರ ಗಾಂಭೀರ್ಯದಿಂದ ಒಂದೊಂದು ಗಾಜಿಗೂ ಮೂಗು ತಾಗಿಸಿ ಪರೀಕ್ಷಿಸಿದರು. ಕೆಲಸ ಅಚ್ಚುಕಟ್ಟು, ಒಪ್ಪಿದರು. “ಇಷ್ಟೆಲ್ಲ ಮಾಡಿದವಳು ಒಂದು ಪಟ್ಟದ ಬೊಂಬೆ ಇಡಬಾರದಿತ್ತೆ? ಮನೆ ಇದೆ, ಮನುಷ್ಯರಿಲ್ಲ!”

ಉಳಿದ ಸಂಗ್ರಹಾಲಯಗಳ ವಿಷಯವನ್ನು ವಿಸ್ತರಿಸಲಾರೆ. ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ‘ಸ್ಯೂ’ ಎಂಬ ಹೆಸರಿನ ಡೈನೋಸಾರಿನ ಅಸ್ಥಿಪಂಜರವನ್ನು ಮಕ್ಕಳು ಸುತ್ತಿದಷ್ಟೂ ಸುತ್ತಿದರು. 1930ರಲ್ಲಿ ತೆರೆದ ಆಡ್ಲರ್ ತಾರಾಲಯವು ಅಮೆರಿಕ ಖಂಡಗಳಲ್ಲೇ ಮೊದಲನೆಯದೆಂಬ ಕೀರ್ತಿಗೆ ಪಾತ್ರವಾದುದು; ಅಲ್ಲಿಯ ಕತ್ತಲೆ, ಹದವಾದ ಬಿಸಿ, ಹಿಂದಕ್ಕೆ ಒರಗುವ ಆಸನ, ಈ ತ್ರಿವೇಣೀಸಂಗಮದಲ್ಲಿ ನಕ್ಷತ್ರಗಳು ಉದಯಿಸುವಷ್ಟರಲ್ಲಿ ಮಾವನವರು ಅಸ್ತಮಿಸಿದ್ದರು.

ಸಂಗೀತಕ್ಕೆ ಮಾತ್ರ ಅವರು ಎಚ್ಚರವಾಗಿಯೇ ಇರುತ್ತಾರೆ. 1897ರಲ್ಲಿ ಪುಸ್ತಕ ಭಂಡಾರಕ್ಕೆಂದು ಕಟ್ಟಿದ ಸೌಧವು ಈಗ ಷಿಕಾಗೋ ಕಲ್ಚರಲ್ ಸೆಂಟರ್ ಎನಿಸಿಕೊಂಡು, 38 ಅಡಿ ಅಗಲದ ಟಿಫ಼ನಿ ಗಾಜಿನ ಗುಮ್ಮಟವನ್ನು ನೆತ್ತಿಯ ಮೇಲೆ ಹೊತ್ತು ನಿಂತಿದೆ. ಬುಧವಾರ ಮಧ್ಯಾಹ್ನ ಅಲ್ಲಿ ಉಚಿತ ಕಚೇರಿಗಳು ನಡೆಯುತ್ತವೆ. ನಾವು ಹೋದಂದು ಪಿಯಾನೋ. ಮಾವನವರು ತೊಡೆಯ ಮೇಲೆ ತಾಳ ಹಾಕುತ್ತ ಕೆಲವು ನಿಮಿಷ ಲೆಕ್ಕ ತಪ್ಪಿ, ಇದು ಆದಿಯೂ ಅಲ್ಲ ರೂಪಕವೂ ಅಲ್ಲವೆಂದು ಕೈಚೆಲ್ಲಿ, ಅನಂತರ ನಾದದಲ್ಲಿಯೇ ತನ್ಮಯರಾದರು. ಮೊದಲನೆಯ ಭಾಗ ಮುಗಿಯಿತು. ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದೆಂಬುದು ಇಲ್ಲಿಯ ಸಂಪ್ರದಾಯ, ಸಭೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದ ಮಧ್ಯದಲ್ಲಿ “ಭೇಷ್!” ಎಂಬ ಮಂಡ್ಯದ ಉದ್ಗಾರವೂ ಅದರ ಹಿಂದೆಯೇ ಎರಡು ಕೈಗಳ ಒಂಟಿ ಚಪ್ಪಾಳೆಯೂ ಗುಮ್ಮಟವನ್ನು ಮುಟ್ಟಿ ಬಂದುವು. ತಲೆಗಳು ತಿರುಗಿದವು, ಮಗಳು ಶಾಲಿನಲ್ಲಿ ಅಂತರ್ಧಾನಳಾದಳು, ವಾದಕಿ ಮಾತ್ರ ಮುಗುಳ್ನಕ್ಕು ತಲೆಬಾಗಿದಳು. ಮನೆಗೆ ಬರುವಾಗ ಕಾರಿನಲ್ಲಿ ಆಕ್ಷೇಪಣೆ ಬಂದುದಕ್ಕೆ ಮಾವನವರು, “ಚೆನ್ನಾಗಿದ್ದಾಗ ಚೆನ್ನಾಗಿದೆ ಅನ್ನದೆ ಎಲ್ಲವನ್ನೂ ಕೊನೆಗೆ ಒಟ್ಟಿಗೆ ತಟ್ಟಿದರೆ, ಯಾವುದಕ್ಕೆ ತಟ್ಟಿದ್ದು ಅಂತ ಆ ಮಗುವಿಗೆ ಹೇಗಮ್ಮ ತಿಳಿಯಬೇಕು?” ಎಂದು ಕೇಳಿದರು. ಅತ್ತೆಯವರಿಗೆ ಆಶ್ಚರ್ಯವಾದುದು ಬೇರೆ: ಅಷ್ಟು ಜನವೂ ಕೆಮ್ಮನ್ನು ತಡೆದಿಟ್ಟುಕೊಂಡು ಭಾಗ ಮುಗಿದೊಡನೆ ಸಾಮೂಹಿಕವಾಗಿ ಕೆಮ್ಮಿದ್ದು. ನಮ್ಮ ಕನ್ನಡದವರ ಸಂಕ್ರಾಂತಿ ಸಮಾರಂಭದಲ್ಲಿ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ, ಮೂರಕ್ಕೆಂದು ಸಾರಿದ ಪ್ರಾರ್ಥನೆಯು ನಾಲ್ಕಕ್ಕೆ ಆರಂಭವಾಗಿ, ಬಿಸಿಬೇಳೆಬಾತಿನ ಪರಿಮಳ ಹಬ್ಬಿದೊಡನೆ ನಾಟಕದ ಮೂರನೆಯ ಅಂಕ ರದ್ದಾಗುವುದನ್ನು ಕಂಡವರಿಗೆ ಈ ಶಿಸ್ತು ಅಲೌಕಿಕವೆನಿಸಿದರೆ ತಪ್ಪೇನು?

ಸಂಕ್ರಾಂತಿಯೆಂದಾಗ ಕಬ್ಬಿನ ಮಾತು. ಡೆವನ್ ಅವೆನ್ಯೂದ ಅಂಗಡಿಯಲ್ಲಿ ಸಿಕ್ಕಿದ ಗೇಣುದ್ದದ ಒಣಜಲ್ಲೆಯನ್ನು ಮಾವನವರು ಕೈಯಲ್ಲಿ ಹಿಡಿದು, ಬಂಧುವಿನ ಮರಣವಾರ್ತೆ ಕೇಳಿದವರಂತೆ ಮೌನವಾದುದನ್ನು ಕಂಡು, ನಮ್ಮ ಮನೆಯವಳು ಆ ವಾರವೇ ಗಾರ್‌ಫೀಲ್ಡ್ ಪಾರ್ಕಿನ ಸಸ್ಯಗೃಹಕ್ಕೆ ಪ್ರಯಾಣ ಗೊತ್ತುಮಾಡಿದಳು. ಯೆನ್ಸ್ ಯೆನ್ಸನ್ ಎಂಬ ಉದ್ಯಾನಶಿಲ್ಪಿಯು ರೂಪಿಸಿ 1908ರಲ್ಲಿ ತೆರೆದ ಈ ವಿಶಾಲವಾದ ಗಾಜಿನರಮನೆಯೊಳಗೆ ಕಾಲಿಟ್ಟೊಡನೆ ನಮ್ಮೆಲ್ಲರ ಕನ್ನಡಕಗಳ ಮೇಲೂ ಮಂಜು ಕವಿದು ಕುಟುಂಬವೇ ಅಂಧವಾಯಿತು. ಕಣ್ಣು ಕಾಣುವ ಮೊದಲೇ ಒದ್ದೆಮಣ್ಣಿನ ವಾಸನೆ ಬಂದಿತು. ತಾಳೆ, ಜರೀಗಿಡ, ಕೋಕೋ. ಬಾಳೆಯನ್ನು ಕಂಡಾಗ ಅತ್ತೆಯವರು ಅದರ ಎಲೆಗಳನ್ನು ಊಟದ ಎಲೆಗಳ ಲೆಕ್ಕದಲ್ಲಿ ಮನಸ್ಸಿನಲ್ಲಿಯೇ ಕತ್ತರಿಸುತ್ತಿದ್ದರೆಂಬುದು ಅವರ ಮುಖದಿಂದಲೇ ವ್ಯಕ್ತವಾಗುತ್ತಿತ್ತು. ಅದರ ಸಮೀಪದಲ್ಲಿಯೇ ಇತ್ತು ಕಬ್ಬು.

ಅಲ್ಲಿ ಸ್ವಯಂಸೇವಕಿಯಾದ ವೃದ್ಧೆಯೊಬ್ಬರು ನಮ್ಮನ್ನು ಕಂಡು ಅತ್ಯಂತ ವಾತ್ಸಲ್ಯದಿಂದ, ಇದರ ಹೆಸರು ಕಬ್ಬು, ಇದರ ರಸದಿಂದ ಸಕ್ಕರೆಯಾಗುತ್ತದೆ ಎಂದು ಮಾವನವರಿಗೆ ಬೋಧಿಸಿದರು. ಮಾವನವರು ಸವಿನಯವಾಗಿ ಕೇಳಿದರು. ಅನಂತರ ಇಲಾಖೆಯ ಟಿಪ್ಪಣಿಗಳ ಇಂಗ್ಲಿಷಿನಲ್ಲಿ, ಗಿಡದ ಒಣಗರಿ ಬಿಡಿಸಿಲ್ಲವೆಂಬ ಸಣ್ಣ ಆಕ್ಷೇಪಣೆಯೊಂದಿಗೆ ಉಪಕ್ರಮಿಸಿ, ತುಂಡು ನೆಡುವ ಕ್ರಮ, ಕೂಳೆಬೆಳೆಯ ಲಾಭನಷ್ಟ, ಆಲೆಮನೆಯ ಕೊಪ್ಪರಿಗೆ, ವಿಶ್ವೇಶ್ವರಯ್ಯ ನಾಲೆಯ ನೀರು, 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆ, ಅದಕ್ಕಾಗಿ ದುಡಿದ ಮೈಸೂರಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್, ಎಲ್ಲವನ್ನೂ ಸಾಂಗವಾಗಿ ನಿರೂಪಿಸಿದರು. ಕೋಲ್ಮನ್ನರು ನಿಮ್ಮ ನೆರೆಯ ಕೆನಡಾದವರೇ ಎಂದಾಗ ಆ ವೃದ್ಧೆಗೆ ತಮ್ಮ ಕಡೆಯವರಿಂದ ಉಪಕಾರವಾಯಿತೆಂಬ ಸಂತೋಷವೂ ಆಯಿತು. ಸುತ್ತಲೂ ಜನ ಸೇರಿದರು. ಮಗುವೊಂದನ್ನು ತಳ್ಳುಗಾಡಿಯಲ್ಲಿ ತಂದಿದ್ದ ಯುವದಂಪತಿಗಳು ಮಾವನವರನ್ನು ಇಲ್ಲಿಯ ಅಧಿಕಾರಿಯೆಂದೇ ತಿಳಿದು, ಕೋಕೋ ಮರದ ವಿಷಯವಾಗಿಯೂ ಎರಡು ಮಾತು ಹೇಳಬೇಕೆಂದು ಪ್ರಾರ್ಥಿಸಿದರು. ಇನ್ನೊಬ್ಬನು ಶೌಚಾಲಯದ ದಾರಿ ಕೇಳಿದನು. ಮಾವನವರು ಅದನ್ನೂ ತೋರಿಸಿದರು.

ವೃದ್ಧೆಯು ಒಳಗೆ ಹೋಗಿ ಒಂದು ಅರ್ಜಿಯ ನಮೂನೆಯನ್ನು ತಂದು ಅವರ ಕೈಗಿತ್ತು, ವಾರಕ್ಕೊಂದು ದಿನ ತಾವೂ ಸೇವೆಗೆ ಬರಬಾರದೇ ಎಂದು ಕೇಳಿಕೊಂಡರು. ಮಾವನವರು ಅಧಿಕಾರದಿಂದ ನಿವೃತ್ತರಾದವರು ಪುನಃ ಅಧಿಕಾರ ಸ್ವೀಕರಿಸಬೇಕಾದಾಗ ತೋರತಕ್ಕ ಸಂಕೋಚವನ್ನೆಲ್ಲ ತೋರಿಸುತ್ತ, ನಮೂನೆಯನ್ನು ಹಿಂದೆಮುಂದೆ ತಿರುಗಿಸುತ್ತ ನಿಂತರು. ಅಷ್ಟರಲ್ಲಿ ಬಾಳೆಯ ಬುಡದ ಬೆಂಚಿನ ಮೇಲೆ ಬೂಟು ಬಿಚ್ಚಿ, ಕಾಲು ನೀಡಿ, ಕೊಬ್ಬರಿಮಿಠಾಯಿ ಹಂಚುತ್ತಿದ್ದ ಅತ್ತೆಯವರು ಅಲ್ಲಿಂದಲೇ ಕೂಗಿದರು: “ಒಪ್ಕೊಂಬಿಡಿ ಅಂದ್ರೆ! ನಾನೂ ಬರ್ತೀನಿ.”