ಹುಣಸೆ ತೋಪಿಗೆ ಇರುವ ರಕ್ಷಣೆ ಮ್ಯಾಕ್ರೋಗೂ ಸಿಗಲಿ

ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಈ ಸವಲತ್ತನ್ನು ಬೆಂಗಳೂರಿನ ಟೆಕ್ ಪಾರ್ಕುಗಳಿಗೂ ವಿಸ್ತರಿಸಬೇಕೆಂದು ನನ್ನ ಅರಿಕೆ. ಅಲ್ಲೂ ಕಾಪಾಡಿಕೊಳ್ಳಬೇಕಾದ ಪುರಾತನ ತಳಿಯೊಂದಿದೆ: ವೇಗ ಬೇಕೆಂದು ಸಿ ಭಾಷೆಯಲ್ಲಿ ಮ್ಯಾಕ್ರೋ ಬರೆಯುವ ಹಿರಿಯ ಎಂಜಿನಿಯರು.

ಅವರ ವಾದ ಚುಟುಕು. "ಫಂಕ್ಷನ್ ಕರೆದರೆ ಖರ್ಚು ಕಣಪ್ಪಾ, ಮ್ಯಾಕ್ರೋ ಆದ್ರೆ ಪುಕ್ಕಟೆ." ಒಂದು ಕಾಲಕ್ಕೆ ಅದು ನಿಜವೇ. ಆದರೆ 1999ರ ಸಿ ಮಾನದಂಡ ಆ ಖರ್ಚು ಉಳಿಸಬಲ್ಲ ಇನ್‌ಲೈನ್ ಫಂಕ್ಷನ್ ಕೊಟ್ಟಿತು. ಜಿಸಿಸಿ ಕಂಪೈಲರ್ ಅದಕ್ಕೂ ಮೊದಲೇ ಕೊಟ್ಟಿತ್ತು. ಈಗಂತೂ ಆಪ್ಟಿಮೈಸೇಶನ್ ಹಚ್ಚಿದರೆ ಸಣ್ಣ ಸ್ಟ್ಯಾಟಿಕ್ ಫಂಕ್ಷನ್ನನ್ನು ಕಂಪೈಲರ್ ಯಾರೂ ಹೇಳದೆಯೇ ಕರೆದ ಜಾಗಕ್ಕೆ ಇಳಿಸಿಬಿಡುತ್ತದೆ. ಸುದ್ದಿ ನಮ್ಮವರಿಗೆ ಇನ್ನೂ ಮುಟ್ಟಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಿರಬೇಕು.

ಮ್ಯಾಕ್ರೋಗೆ ಲೆಕ್ಕ ಬರುವುದಿಲ್ಲ, ನಕಲು ಮಾತ್ರ ಬರುತ್ತದೆ. ವರ್ಗ ತೆಗೆಯಲು "ಎಕ್ಸ್ ಇಂಟು ಎಕ್ಸ್" ಎಂದು ಮ್ಯಾಕ್ರೋ ಬರೆದು, ಅದಕ್ಕೆ "2 ಪ್ಲಸ್ 3" ಕೊಡಿ. ಬರುವುದು 25 ಅಲ್ಲ, 11. ಬ್ರಾಕೆಟ್ ಹಾಕಬೇಕಿತ್ತು ಎಂದು ಬೈಗುಳ ತಿನ್ನುವವರು ನೀವೇ. ಬ್ರಾಕೆಟ್ ಹಾಕಿ "ಐ ಪ್ಲಸ್ ಪ್ಲಸ್" ಕೊಟ್ಟರೆ ಐ ಒಂದೇ ಉಸಿರಿಗೆ ಎರಡು ಸಲ ಏರಲು ಹೊರಡುತ್ತದೆ. ಉತ್ತರ ಏನಾಗಬೇಕೆಂಬ ಹೊಣೆಯನ್ನು ಭಾಷೆಯ ನಿಯಮವೂ ಹೊರುವುದಿಲ್ಲ. ಸೆನ್ಸರ್ ಓದುವ ಫಂಕ್ಷನ್ ಕೊಟ್ಟಿರೋ, ಸೆನ್ಸರನ್ನು ಎರಡು ಸಲ ಓದುತ್ತದೆ. ವೇಗಕ್ಕೆಂದು ತಂದ ಮಹಾನುಭಾವ ಇವನೇ! ಇನ್‌ಲೈನ್ ಫಂಕ್ಷನ್ ಪಾಪ, ಒಂದೇ ಸಲ ಓದಿ, ಟೈಪ್ ಸರಿಯಿದೆಯೇ ಎಂದೂ ನೋಡಿ, ಅಷ್ಟೇ ವೇಗವಾಗಿ ಕೆಲಸ ಮುಗಿಸುತ್ತದೆ. ಅದರಲ್ಲಿ ಪೌರುಷ ಎಲ್ಲಿ ಬಂತು?

ತಪ್ಪು ಹುಡುಕಲು ಡಿಬಗರ್ ಹಿಡಿದು ಹೊರಟರೆ ಮ್ಯಾಕ್ರೋ ಸಾಮಾನ್ಯವಾಗಿ ಕೈಗೆ ಸಿಗದು. ಕಂಪೈಲರ್ ಬರುವ ಮೊದಲೇ ಪ್ರಿಪ್ರೊಸೆಸರ್ ಅದರ ಹೆಸರು ಅಳಿಸಿರುತ್ತದೆ. ಹುಣಸೆ ಮರದ ದೆವ್ವದಂತೆ, ಕಂಡವರಿಲ್ಲ, ಮೆಟ್ಟಿಸಿಕೊಂಡವರು ಬೇಕಾದಷ್ಟು.

ದೊಡ್ಡವರನ್ನೂ ಅದು ಬಿಟ್ಟಿಲ್ಲ. 2024ರಲ್ಲಿ ಲಿನಕ್ಸ್ ಕರ್ನಲ್‌ನ ಒಂದೇ ಒಂದು ಸಾಲು, ಒಂದರೊಳಗೊಂದು ಕೂತ, ಚಿಕ್ಕದನ್ನು ಆರಿಸುವ ಮಿನ್ ಮ್ಯಾಕ್ರೋಗಳ ದೆಸೆಯಿಂದ 47 ಎಂಬಿ ಆಗಿ ಉಬ್ಬಿತು. ಅಲ್ಲಾದರೂ ಮ್ಯಾಕ್ರೋಗೆ ಕಾರಣವಿತ್ತು ಅನ್ನಿ: ಯಾವ ಟೈಪ್ ಬಂದರೂ ಮಿನ್ ನಡೆಯಬೇಕು, ಒಂದು ಫಂಕ್ಷನ್ನಿನಿಂದ ಅದಾಗದು. ನಮ್ಮ ಪಂಡಿತರು ಎರಡು ಇಂಟ್ ಕೂಡಿಸಲೂ ಮ್ಯಾಕ್ರೋ ಬರೆಯುತ್ತಾರೆ. ಕಾರಿನ ಸಾಫ್ಟ್‌ವೇರ್‌ಗೆಂದೇ ಹುಟ್ಟಿದ ಮಿಸ್ರಾ ನಿಯಮಾವಳಿ, ಎರಡರಲ್ಲಿ ಯಾವುದಾದರೂ ನಡೆಯುವಲ್ಲಿ ಫಂಕ್ಷನ್ನನ್ನೇ ಬಳಸಿ ಅನ್ನುತ್ತದೆ. ಆದರೆ ಅದು ಸಲಹೆಯ ದರ್ಜೆಯದು. ಎಂದರೆ ಫೈಲಿನಲ್ಲಿ ಭದ್ರವಾಗಿದೆ.

ಇನ್ನು ಮ್ಯಾಕ್ರೋ ಬಿಟ್ಟು ಇನ್‌ಲೈನ್‌ಗೆ ಮತಾಂತರಗೊಂಡ ತರುಣರು. ಇವರು ಕಂಡ ಕಂಡ ಫಂಕ್ಷನ್ನಿಗೆಲ್ಲ ಇನ್‌ಲೈನ್ ಎಂದು ಮುದ್ರೆ ಒತ್ತುತ್ತಾರೆ. ಕರ್ನಲ್ ಕೈಪಿಡಿಯೇ ಇದನ್ನು ರೋಗವೆಂದು ಕರೆದು, ಮೂರು ಸಾಲು ಮೀರಿದ್ದಕ್ಕೆ ಸಾಮಾನ್ಯವಾಗಿ ಬೇಡ ಎಂದಿದೆ. ಕೋಡ್ ಊದಿಕೊಂಡು ಕ್ಯಾಶ್‌ನಲ್ಲಿ ಹಿಡಿಯದಾದರೆ, ಉಳಿಸಿದ ವೇಗ ಅಲ್ಲೇ ಸೋರಿಹೋಗುತ್ತದೆ.

ಎರಡೂ ಪಂಗಡದ ಜಗಳ ನಡೆದಿರುವಾಗ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಸಾರ್, ಒಂದ್ಸಲ ಅಳೆದು ನೋಡೋಣ್ವಾ?" ಎಂದಳಂತೆ. ಸಾರ್ ಸಿಡುಕಿದರು: "ಅದಕ್ಕೆಲ್ಲ ಟೈಮ್ ಎಲ್ಲಮ್ಮಾ ಇದೆ? ಇದು ಪರ್ಫಾರ್ಮೆನ್ಸ್ ಕ್ರಿಟಿಕಲ್ ಕೋಡ್!"